ಜೊತೆಗಾರರ ಬೆಳ್ಳಿಹಬ್ಬ, ನಮ್ಮ ಪುಟ

ಕೋಲಾರದ ಸುತ್ತಮುತ್ತ ಕೆರೆಗಳ ಹೂಳೆತ್ತಿಸುವ, ತೂಬು ದುರಸ್ತಿ ಮಾಡಿಸುವ ಸಣ್ಣ ಸಂಸ್ಥೆಯೊಂದರ ಫೇಸ್‌ಬುಕ್ ಪುಟವನ್ನು ನಾನು ನೋಡಿಕೊಳ್ಳುತ್ತೇನೆ. ಕಳೆದ ವರ್ಷ ನಮ್ಮೊಡನೆ ಕೆಲಸ ಮಾಡುವ ಸಂಸ್ಥೆಯೊಂದು ಬೆಳ್ಳಿಹಬ್ಬ ಆಚರಿಸಿದಾಗ, ಅವರು ಕಳುಹಿಸಿದ ಪೋಸ್ಟರನ್ನು ಇದ್ದ ಹಾಗೆಯೇ ಹಾಕಿಬಿಟ್ಟೆ. ದೊಡ್ಡ ಲಾಂಛನ, ಸುತ್ತ ಬೆಳ್ಳಿ ಬಣ್ಣದ ಅಂಚು, ಕೆಳಗೆ ಪದಾಧಿಕಾರಿಗಳ ಭಾವಚಿತ್ರ. ಸಂಜೆಯವರೆಗೆ ಬಂದ ಮೂರು ಪ್ರತಿಕ್ರಿಯೆಗಳಲ್ಲಿ ಎರಡು ಅವರದೇ ಸಿಬ್ಬಂದಿಯವು, ಮೂರನೆಯದು ರೈತರೊಬ್ಬರದು: “ಶುಭಾಶಯ ಸರಿ ಸಾರ್, ನಮ್ಮೂರ ತೂಬಿನ ಕೆಲಸ ಯಾವಾಗ?”

ಆದರೂ, ಬೇರೆ ಸಂಸ್ಥೆಗಳ ಹಬ್ಬದ ಶುಭಾಶಯವನ್ನು ನಮ್ಮ ಪುಟದಲ್ಲಿ ಹಾಕಲೇಬಾರದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಕೆರೆಯ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ಅಳತೆ ಮಾಡಿಕೊಡುತ್ತಾರೆ, ಇನ್ನೊಬ್ಬರು ಜೆಸಿಬಿಯ ಬಾಡಿಗೆ ಕಟ್ಟುತ್ತಾರೆ, ಪಂಚಾಯಿತಿ ಅನುಮತಿ ಕೊಡುತ್ತದೆ, ರೈತರು ತಮ್ಮ ಟ್ರ್ಯಾಕ್ಟರುಗಳಲ್ಲಿ ಗೋಡನ್ನು, ಅಂದರೆ ಕೆರೆಯ ಹೂಳುಮಣ್ಣನ್ನು, ಹೊಲಕ್ಕೆ ಸಾಗಿಸುತ್ತಾರೆ. ಹೀಗಿರುವಾಗ ಜೊತೆಗಾರರ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಓದುಗರಿಗೆ ಸಂಬಂಧಿಸಿದ ಪಾಲೊಂದು ಇದ್ದೇ ಇರುತ್ತದೆ, ಹೇಳಬೇಕಾದದ್ದು ಅದನ್ನೇ. ಆ ಪೋಸ್ಟರನ್ನು ತೆಗೆದು, ಅದೇ ಸಂಸ್ಥೆಯ ಎಂಜಿನಿಯರರು ತೂಬಿನ ಬಳಿ ನೀರುಗಂಟಿಯವರೊಡನೆ (ಕೆರೆಯ ನೀರನ್ನು ಹೊಲಗಳಿಗೆ ಹಂಚುವವರು) ಟೇಪು ಹಿಡಿದು ನಿಂತಿದ್ದ ಚಿತ್ರವನ್ನು ಹಾಕಿ, ಆ ಕೆರೆಯಲ್ಲಿ ಅವರು ಮಾಡಿದ್ದೇನು, ನಾವು ಮಾಡಿದ್ದೇನು ಎಂದು ನಾಲ್ಕು ಸಾಲು ಬರೆದೆ. ಊರಿನವರೇ ಅದನ್ನು ತಮ್ಮ ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿಕೊಂಡರು.

ಹಣ ಕೊಡುವ ಕಂಪನಿಗಳ ವಿಷಯ ಸ್ವಲ್ಪ ಬೇರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ ಖರ್ಚು ಮಾಡಬೇಕು. ಅಂಥ ಕಂಪನಿಯ ವಾರ್ಷಿಕೋತ್ಸವಕ್ಕೆ ಶುಭ ಕೋರುವಾಗ “ಇವರು ನಮಗೆ ಹಣ ಕೊಟ್ಟಿದ್ದಾರೆ” ಎಂಬ ವಾಕ್ಯ ಅದೇ ಬರಹದಲ್ಲಿ ಇರಲೇಬೇಕು. ಇಲ್ಲದಿದ್ದರೆ ಅದು ಬಿಟ್ಟಿ ಜಾಹೀರಾತಾಗುತ್ತದೆ. (ನಮ್ಮ ಕಾರ್ಯದರ್ಶಿಯವರಿಗೆ ಈ ನಿಷ್ಠುರ ಇನ್ನೂ ಹಿಡಿಸಿಲ್ಲ.)

ಈಗ ಯಾರಾದರೂ ಪೋಸ್ಟರ್ ಕಳುಹಿಸಿದರೆ, ನಾವಿಬ್ಬರೂ ಸೇರಿ ಮಾಡಿದ ಕೆರೆ ಯಾವುದು, ಅದರ ಚಿತ್ರವೊಂದನ್ನು ಕಳುಹಿಸುವಿರಾ ಎಂದು ಕೇಳುತ್ತೇನೆ. ಒಬ್ಬರು ಅಂದೇ ಹನ್ನೆರಡು ಚಿತ್ರ ಕಳುಹಿಸಿದರು. ಇನ್ನೊಬ್ಬರಿಂದ ಎರಡು ತಿಂಗಳಾದರೂ ಉತ್ತರವಿಲ್ಲ. ಅವರ ಪೋಸ್ಟರ್ ನನ್ನ ಫೋನಿನಲ್ಲೇ ಇದೆ.