ಲೋಡಿಂಗ್ ಪೋರ್ಟ್ ಚೌಕದಲ್ಲಿ ಕೊಲಂಬೋ

ಮಾರ್ಚ್ 9, ಸೋಮವಾರ. ಮಂಗಳೂರಿನ ನಮ್ಮ ಬ್ಯಾಂಕಿನ ಟ್ರೇಡ್ ಫೈನಾನ್ಸ್ ಡೆಸ್ಕಿಗೆ ಬೆಳಿಗ್ಗೆ ಬಂದದ್ದು ಒಂದು ಕಂಟೇನರ್ ಕಾಫಿಯ ದಾಖಲೆಗಳು. ಇಂಡಿಯನ್ ರೋಬಸ್ಟಾ ಚೆರ್ರಿ ಎಬಿ, 60 ಕೆ.ಜಿ.ಯ 320 ಗೋಣಿಚೀಲ, ನಿವ್ವಳ 19.2 ಟನ್, ನವ ಮಂಗಳೂರು ಬಂದರಿನಿಂದ ಇಟಲಿಯ ಟ್ರಿಯೆಸ್ಟೆಗೆ. ಟನ್ನಿಗೆ 4,200 ಡಾಲರಿನಂತೆ ಒಟ್ಟು 80,640 ಡಾಲರ್. ಎಫ್‌ಓಬಿ ವ್ಯಾಪಾರ, ಅಂದರೆ ಸರಕು ಹಡಗು ಹತ್ತುವವರೆಗೆ ಮಾತ್ರ ಮಾರುವವರ ಹೊಣೆ, ಹಾಗಾಗಿ ವಿಮೆಯ ತಲೆನೋವಿಲ್ಲ.

ದಾಖಲೆ ಬಿಚ್ಚುವ ಮೊದಲು ಎಲ್‌ಸಿ (ಷರತ್ತಿಗೆ ಹೊಂದುವ ದಾಖಲೆ ಒಪ್ಪಿಸಿದರೆ ಹಣ ಕೊಡುತ್ತೇನೆಂದು ಖರೀದಿದಾರರ ಬ್ಯಾಂಕ್ ಕೊಟ್ಟ ಲೆಟರ್ ಆಫ್ ಕ್ರೆಡಿಟ್) ಓದಬೇಕು, ಜೊತೆಗೆ ಅದಕ್ಕೆ ಬಂದ ಅಮೆಂಡ್‌ಮೆಂಟುಗಳನ್ನೂ. ಎಂಟಿ 700ರಿಂದ, ಅಂದರೆ ಎಲ್‌ಸಿ ಹೊತ್ತು ಬರುವ ಬ್ಯಾಂಕ್ ಸಂದೇಶದಿಂದ, ನಾಲ್ಕು ಸಾಲು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡೆವು: 44ಸಿ, ಕೊನೆಯ ಶಿಪ್‌ಮೆಂಟ್ ಫೆಬ್ರವರಿ 28. 44ಇ, ಲೋಡಿಂಗ್ ಪೋರ್ಟ್ ನವ ಮಂಗಳೂರು. 48, ಶಿಪ್‌ಮೆಂಟ್ ಆದ 15 ದಿನದೊಳಗೆ ದಾಖಲೆ ಒಪ್ಪಿಸಬೇಕು. 31ಡಿ, ಎಲ್‌ಸಿ ಮುಗಿಯುವುದು ಮಾರ್ಚ್ 20ಕ್ಕೆ, ಭಾರತದಲ್ಲಿ. 48ನೇ ಸಾಲು ಖಾಲಿಯಿದ್ದರೆ ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮಾವಳಿ ಯುಸಿಪಿ 600ರ ಪ್ರಕಾರ 21 ದಿನ ಸಿಗುತ್ತದೆ. ಆ ಲೆಕ್ಕವನ್ನೇ ತಲೆಯಲ್ಲಿಟ್ಟುಕೊಂಡು ನಿಧಾನ ಮಾಡುವ ರಫ್ತುದಾರರು ಬಹಳ ಮಂದಿ.

ಇನ್ನು ಬಿಎಲ್, ಅಂದರೆ ಹಡಗು ಕಂಪನಿ ಸರಕಿಗೆ ಕೊಡುವ ಬಿಲ್ ಆಫ್ ಲೇಡಿಂಗ್. ಮೂರು ಒರಿಜಿನಲ್ ಇವೆ. ಕ್ಯಾರಿಯರ್ ಹೆಸರಿದೆ, ಸಹಿ ಮಾಡಿದ ಏಜೆಂಟ್ ಯಾರ ಪರವಾಗಿ ಮಾಡಿದ್ದೆಂದು ಬರೆದಿದ್ದಾನೆ. ಫ್ರೈಟ್ ಕಲೆಕ್ಟ್ (ಹಡಗಿನ ಬಾಡಿಗೆ ಖರೀದಿದಾರರದು) ಎಂದಿದೆ. ಎಲ್‌ಸಿ ಕೇಳಿದಂತೆ ಅದನ್ನು ಕೊಟ್ಟ ಇಶ್ಯೂಯಿಂಗ್ ಬ್ಯಾಂಕಿನ ಆರ್ಡರಿಗೆ ಮಾಡಿದ್ದು, ಹಾಗಾಗಿ ಬೆನ್ನ ಮೇಲೆ ಶಿಪ್ಪರ್, ಅಂದರೆ ರಫ್ತುದಾರರ, ಎಂಡಾರ್ಸ್‌ಮೆಂಟ್ ಸಹಿ ಬೇಡ. ಬರೀ 'ಟು ಆರ್ಡರ್' ಎಂದಿದ್ದರೆ ಮೂರಕ್ಕೂ ಬೇಕಿತ್ತು. ಎರಡಕ್ಕೆ ಹಾಕಿ ಮೂರನೆಯದನ್ನು ಮರೆತು ತರುವುದು ಹೊಸತೇನಲ್ಲ.

ಎಡವಿದ್ದು ಚೌಕಗಳಲ್ಲಿ. 'ಪ್ಲೇಸ್ ಆಫ್ ರಿಸೀಟ್' ಚೌಕದಲ್ಲಿ ನವ ಮಂಗಳೂರು. 'ಪ್ರಿ-ಕ್ಯಾರೇಜ್' ಚೌಕದಲ್ಲಿ ಫೀಡರ್, ಅಂದರೆ ದೊಡ್ಡ ಹಡಗಿಗೆ ಸರಕು ಮುಟ್ಟಿಸುವ ಸಣ್ಣ ಹಡಗಿನ ಹೆಸರು. 'ಪೋರ್ಟ್ ಆಫ್ ಲೋಡಿಂಗ್' ಚೌಕದಲ್ಲಿ ಕೊಲಂಬೋ, ಅದರ ಪಕ್ಕ ದೊಡ್ಡ ಹಡಗಿನ ಹೆಸರು. ಕೆಳಗೆ ಆನ್ ಬೋರ್ಡ್ (ಸರಕು ಹಡಗು ಹತ್ತಿದ) ದಿನಾಂಕ ಮಾರ್ಚ್ 5.

ನವ ಮಂಗಳೂರು ಬಂದರಿರುವ ಪಣಂಬೂರಿನಿಂದ ಫೀಡರಿನಲ್ಲಿ ಕೊಲಂಬೋಗೆ ಹೋಗಿ ಅಲ್ಲಿ ಕಂಟೇನರ್ ಹಡಗು ಬದಲಿಸುವುದು ಇಲ್ಲಿ ಮಾಮೂಲು. ಎಲ್‌ಸಿ ಟ್ರಾನ್ಸ್‌ಶಿಪ್‌ಮೆಂಟ್ ಬೇಡ ಎಂದಿತ್ತು, ಆದರೆ ಅದು ಅಡ್ಡಿಯಲ್ಲ: ಸರಕು ಕಂಟೇನರಿನಲ್ಲಿದೆ ಎಂದು ಬಿಎಲ್ ತೋರಿಸಿದರೆ, ಯಾನದುದ್ದಕ್ಕೂ ಆ ಒಂದೇ ಬಿಎಲ್ ಇದ್ದರೆ, ಯುಸಿಪಿಯ 20ನೇ ವಿಧಿ ಅದನ್ನು ಒಪ್ಪುತ್ತದೆ. ಅಡ್ಡಿ ಬಂದದ್ದು ಬಂದರಿಗೂ ದಿನಾಂಕಕ್ಕೂ. ಈ ಕಾಗದ ಓದಿದವರಿಗೆ ಲೋಡಿಂಗ್ ಆದದ್ದು ಕೊಲಂಬೋದಲ್ಲಿ, ಅದೂ ಕೊನೆಯ ದಿನ ದಾಟಿ ಐದು ದಿನಕ್ಕೆ. ಒಂದೇ ತಪ್ಪಿಗೆ ಎರಡು ಡಿಸ್ಕ್ರಿಪೆನ್ಸಿ, ಅಂದರೆ ಎಲ್‌ಸಿಗೆ ಹೊಂದದ ದೋಷ.

ಫೋನ್ ಮಾಡಿದರೆ ರಫ್ತುದಾರರ ಕಡೆಯವರು, "ಎಂತ ಸರ್, ಕಂಟೇನರ್ ಫೆಬ್ರವರಿ 27ಕ್ಕೇ ಪಣಂಬೂರಿನಲ್ಲಿ ಹಡಗು ಹತ್ತಿದ್ದು ಎಲ್ಲರಿಗೂ ಗೊತ್ತುಂಟಲ್ಲ?" ಎಂದರು.

"ಎಲ್ಲರಿಗೂ ಗೊತ್ತುಂಟು ಮಾರಾಯ್ರೆ, ಬಿಎಲ್‌ಗೆ ಗೊತ್ತಿಲ್ಲ."

ಪರಿಹಾರ ಐಎಸ್‌ಬಿಪಿಯ (ದಾಖಲೆ ಪರಿಶೀಲನೆಗೆ ಯುಸಿಪಿ ಜೊತೆ ಓದುವ ಕೈಪಿಡಿ) ಇ6ರಲ್ಲಿದೆ. ಎಲ್‌ಸಿ ಹೇಳಿದ ಬಂದರು ಪ್ಲೇಸ್ ಆಫ್ ರಿಸೀಟ್ ಚೌಕದಲ್ಲಿದ್ದರೂ ನಡೆಯುತ್ತದೆ. ಆದರೆ ಅಲ್ಲಿಂದ ಸರಕು ಹೊರಟದ್ದು ಹಡಗಿನಲ್ಲೇ ಎಂದು ಸ್ಪಷ್ಟವಿರಬೇಕು, ಆ ಬಂದರಿನಲ್ಲಿ ಆ ಹಡಗಿಗೆ ಹತ್ತಿಸಿದ್ದಕ್ಕೆ ಆನ್ ಬೋರ್ಡ್ ನೋಟೇಶನ್ ಇರಬೇಕು. ಅಂದರೆ ಫೀಡರಿನ ಹೆಸರು, ನವ ಮಂಗಳೂರು, ಫೆಬ್ರವರಿ 27, ಈ ಮೂರೂ ಇರುವ ಒಂದು ಸೀಲು ಮೂರು ಒರಿಜಿನಲ್‌ಗಳ ಮೇಲೂ ಬೀಳಬೇಕು. ಮುದ್ರಿತ ದಿನಾಂಕವನ್ನು ಹೊಡೆದುಹಾಕಿ ತಿದ್ದಲು ಹೋದರೆ ಮಾತ್ರ ಆ ತಿದ್ದುಪಡಿಗೆ ಕ್ಯಾರಿಯರ್ ಅಥವಾ ಅವರ ಏಜೆಂಟ್ ಬೇರೆ ಸಹಿ ಮಾಡಬೇಕಾಗುತ್ತದೆ. ತಿದ್ದುವುದಕ್ಕಿಂತ ಸೇರಿಸುವುದು ಮೇಲು. ನಿಜಕ್ಕೆ ಇದನ್ನು ಹಿಡಿಯಬೇಕಾದ ಜಾಗ ಶಿಪ್ಪಿಂಗ್ ಲೈನ್ ಇಮೇಲಿನಲ್ಲಿ ಕಳಿಸುವ ಡ್ರಾಫ್ಟ್ ಬಿಎಲ್. ಅದನ್ನು ಓದದೆ 'ಓಕೆ' ಎಂದು ಉತ್ತರಿಸಿದರೆ ಮುಂದೆ ಇಷ್ಟೆಲ್ಲ ಓಡಾಟ.

ಇನ್‌ವಾಯ್ಸಿನಲ್ಲಿ 'ರೋಬಸ್ಟಾ' ಬದಲು 'ರೋಬೋಸ್ಟಾ' ಎಂದು ಟೈಪಾಗಿತ್ತು. ಅದನ್ನು ಬಿಟ್ಟೆವು, ಅರ್ಥ ಕೆಡದ ಅಕ್ಷರದೋಷ ಡಿಸ್ಕ್ರಿಪೆನ್ಸಿ ಅಲ್ಲ. ಎಬಿ ಬದಲು ಎಎ ಎಂದಿದ್ದರೆ ಗ್ರೇಡೇ ಬೇರೆ, ಬಿಡುವಂತಿಲ್ಲ. ಬಿಡಲಾಗದ್ದು ಇನ್ನೊಂದಿತ್ತು. ಎಲ್‌ಸಿಯ ಸರಕಿನ ವಿವರದಲ್ಲಿ 'ಎಫ್‌ಓಬಿ ನ್ಯೂ ಮಂಗಳೂರು ಇನ್‌ಕೋಟರ್ಮ್ಸ್ 2020' ಎಂದಿದ್ದರೆ ಇನ್‌ವಾಯ್ಸಿನಲ್ಲಿ ಬರೀ 'ಎಫ್‌ಓಬಿ ನ್ಯೂ ಮಂಗಳೂರು'. ವ್ಯಾಪಾರದ ಷರತ್ತಿನ ಜೊತೆ ಅದರ ಮೂಲವನ್ನೂ (ಇಲ್ಲಿ ಇನ್‌ಕೋಟರ್ಮ್ಸ್ 2020 ಎಂಬ ನಿಯಮಾವಳಿ) ಎಲ್‌ಸಿ ಹೇಳಿದ್ದರೆ ಇನ್‌ವಾಯ್ಸ್ ಕೂಡ ಹೇಳಬೇಕು.

ತೂಕದ ಸರ್ಟಿಫಿಕೇಟ್ ನೋಡಿ ಒಂದು ಕ್ಷಣ ತಲೆ ಕೆಟ್ಟಿತು. ಗೋಣಿಚೀಲಕ್ಕೆ 700 ಗ್ರಾಂ, 320ಕ್ಕೆ 224 ಕೆ.ಜಿ.; ಬಿಎಲ್ ಮತ್ತು ಪ್ಯಾಕಿಂಗ್ ಲಿಸ್ಟಿನಲ್ಲಿ ಗ್ರಾಸ್ 19,424. ಇದರಲ್ಲಿ ಗ್ರಾಸ್ 21,624! ವ್ಯತ್ಯಾಸ ಸರಿಯಾಗಿ 2,200, ಅಂದರೆ ಖಾಲಿ ಕಂಟೇನರಿನ ತೂಕ. ವೇಬ್ರಿಡ್ಜ್ ಚೀಟಿಯ ಅಂಕಿಯನ್ನು ಹಾಗೇ ಎತ್ತಿ ಹಾಕಿದ್ದರು. ಕಾರಣ ನಮಗೆ ತಿಳಿಯಿತು ನಿಜ, ಆದರೆ ಇಟಲಿಯಲ್ಲಿ ಕೂತವರು ಕಾಗದವನ್ನಷ್ಟೇ ನೋಡುತ್ತಾರೆ. ಅಕ್ಷರಕ್ಕೆ ಅಕ್ಷರ ಹೊಂದಬೇಕಿಲ್ಲ, ಒಂದಕ್ಕೊಂದು ವಿರುದ್ಧವಿರಬಾರದು ಎನ್ನುವುದು 14ನೇ ವಿಧಿ, ಇವು ವಿರುದ್ಧವೇ. ಸರ್ವೇಯರಿಂದ ಹೊಸ ಸರ್ಟಿಫಿಕೇಟ್ ತರಲು ಹೇಳಿದೆವು. ಕಾಫಿಯ ಮೂಲದೇಶ ತೋರಿಸುವ ಕಾಫಿ ಬೋರ್ಡಿನ ಐಸಿಓ ಸರ್ಟಿಫಿಕೇಟಿನಲ್ಲಿ ಕನ್ಸೈನಿ (ಸರಕು ಪಡೆಯುವವರು) ಎಂದು ಖರೀದಿದಾರರ ಹೆಸರಿತ್ತು, ಬಿಎಲ್‌ನಲ್ಲಿ ಬ್ಯಾಂಕಿನ ಹೆಸರು. ಬಿಎಲ್ ಬ್ಯಾಂಕಿನ ಆರ್ಡರಿಗೆ ಇದ್ದಾಗ ಇದು ತಪ್ಪಲ್ಲ. ಫೈಟೊ, ಅಂದರೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್, ಸರಿಯಿತ್ತು.

ದಿನದ ಲೆಕ್ಕ ಈಗ ಬಿಗಿಯಾಯಿತು. ಶಿಪ್‌ಮೆಂಟ್ ಮಾರ್ಚ್ 5 ಆಗಿದ್ದರೆ 15 ದಿನ ಮಾರ್ಚ್ 20ರವರೆಗೆ ಬರುತ್ತಿತ್ತು. ಫೆಬ್ರವರಿ 27 ಎಂದ ಕೂಡಲೇ ಗಡುವು ಮಾರ್ಚ್ 14ಕ್ಕೆ ಇಳಿಯಿತು. ಅದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ದಾಖಲೆ ಒಪ್ಪಿಸುವ ಕೊನೆಯ ದಿನ ಇಂಥ ರಜೆಯ ಮೇಲೆ ಬಿದ್ದರೆ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ, ಇದು 29ನೇ ವಿಧಿ. ಕೊನೆಯ ಶಿಪ್‌ಮೆಂಟ್ ದಿನಕ್ಕೆ ಈ ರಿಯಾಯಿತಿ ಇಲ್ಲ.

ಇನ್‌ವಾಯ್ಸ್ ಅದೇ ಸಂಜೆ ಬಂತು, ತೂಕದ ಸರ್ಟಿಫಿಕೇಟ್ ಬುಧವಾರ. ಬಿಎಲ್‌ಗೆ ಸೀಲು ಬಿದ್ದದ್ದು ಶುಕ್ರವಾರ ಬ್ಯಾಂಕ್ ಮುಚ್ಚಿದ ಮೇಲೆ. ನಮ್ಮ ಕೈಗೆ ಸೇರಿದ್ದು 16ರ ಸೋಮವಾರ. ಗಡುವು 29ನೇ ವಿಧಿಯಂತೆ ಮುಂದೆ ಹೋಗಿದ್ದು, ಅದರೊಳಗೇ ದಾಖಲೆ ಬಂದಿದೆ ಎಂದು ದಾಖಲೆಗಳ ಜೊತೆ ಹೋಗುವ ಕವರಿಂಗ್ ಶೆಡ್ಯೂಲಿನಲ್ಲಿ ಒಂದು ಸಾಲು ಬರೆದೆವು. ಆ ಸಾಲು ಬರೆಯುವ ಹೊಣೆ ಬ್ಯಾಂಕಿನದು.

ಕಟ್ಟು ಕಟ್ಟುವ ಮೊದಲು ಕೊನೆಯ ಸಲ ಪುಟ ತಿರುವಿದಾಗ ಬಿಲ್ ಆಫ್ ಎಕ್ಸ್‌ಚೇಂಜ್ (ಹಣ ಕೇಳುವ ಹುಂಡಿ) ಕಣ್ಣಿಗೆ ಬಿತ್ತು. ಹಣ ಬರಬೇಕಾದದ್ದು ಬಿಎಲ್ ದಿನಾಂಕದ 60 ದಿನದ ನಂತರ. ಅದರಲ್ಲಿ ಹಳೇ ಮಾರ್ಚ್ 5 ಹಿಡಿದು ಮೇ 4 ಎಂದು ಟೈಪ್ ಮಾಡಿದ್ದು ಹಾಗೇ ಉಳಿದಿತ್ತು. ಬಿಎಲ್ ಸರಿಮಾಡಿದಾಗ ಇದು ಕೆಟ್ಟಿತ್ತು. ಫೆಬ್ರವರಿ 27ನ್ನು ಬಿಟ್ಟು ಮರುದಿನದಿಂದ ಎಣಿಸಿದರೆ ಏಪ್ರಿಲ್ 28. ರಫ್ತುದಾರರಿಗೆ ಹಣ ಆರು ದಿನ ಮೊದಲೇ. ಹೊಸ ಬಿಲ್ಲಿಗೆ ಮಧ್ಯಾಹ್ನ ಎರಡು ಗಂಟೆಗೆ ಸಹಿ ಬಿತ್ತು, ನಾಲ್ಕಕ್ಕೆ ಕೊರಿಯರಿನವನು ಲಕೋಟೆ ಒಯ್ದ.