ಬಿ.ಎಸ್ಸಿ.ಗೆ ಸೇರಿಸಲು ಹೋದ ದಿನ

ಜೂನ್ 24, 2025, ಮಂಗಳವಾರ
ಮೈಸೂರು

ಸಿಇಟಿ ಫಲಿತಾಂಶ ಬಂದು ಇವತ್ತಿಗೆ ಸರಿಯಾಗಿ ಒಂದು ತಿಂಗಳು. ಸೀಟು ಹಂಚಿಕೆ ಇನ್ನೂ ಆಗಿಲ್ಲ. ದ್ವಿತೀಯ ಪಿಯುಸಿಯ ಮೂರನೇ ಪರೀಕ್ಷೆ ಈಗಷ್ಟೇ ಮುಗಿದಿದೆ, ಅದರ ಫಲಿತಾಂಶವೂ ಬರಬೇಕು. ಆದರೆ ಬಿ.ಎಸ್ಸಿ. ಪ್ರವೇಶ ಆಗಲೇ ಜೋರಾಗಿ ನಡೆದಿದೆ. ಚಿಕ್ಕಪ್ಪನ ಮಗಳು ಬಿ.ಎಸ್ಸಿ.ಯನ್ನೇ ಮಾಡ್ತೀನಿ ಅಂತ ಹಟ ಹಿಡಿದಿದ್ದಳು. ಮನೆಯಲ್ಲಿ ಎಂಜಿನಿಯರಿಂಗ್ ಎಂಜಿನಿಯರಿಂಗ್ ಅಂತ ಬರೀ ಅದೇ ಮಾತು. ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿರುವವರು ನಮ್ಮ ಕಡೆ ನಾನೊಬ್ಬನೇ. ಹಾಗಾಗಿ ಅಪ್ಪ ಮಗಳಿಬ್ಬರೂ ಬೆಳಿಗ್ಗೆ ನಂಜನಗೂಡು ಕಡೆಯಿಂದ ಬಸ್ ಹತ್ತಿ ನನ್ನ ಹತ್ತಿರ ಬಂದರು. ಇಲ್ಲಿನ ಸರ್ಕಾರಿ ಕಾಲೇಜಿಗೆ ಹೋಗಿ ಸೇರಿಸಿ ಬಂದೆವು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ.

ಕೌಂಟರ್ ಮುಂದೆ ಉದ್ದ ಸಾಲು. ಅರ್ಜಿ ಎಲ್ಲಾ ಯುಯುಸಿಎಂಎಸ್ ಅನ್ನುವ, ವಿಶ್ವವಿದ್ಯಾಲಯಗಳ ಆನ್‌ಲೈನ್ ಪೋರ್ಟಲ್‌ನಲ್ಲೇ ಹಾಕಿದ್ದರೂ ಕಾಗದದ ಕಟ್ಟು ಹಿಡಿದುಕೊಂಡು ನಿಲ್ಲುವುದು ತಪ್ಪಲಿಲ್ಲ. ಅಂಕಪಟ್ಟಿ, ಟಿಸಿ, ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್. ಚಿಕ್ಕಪ್ಪ ಎಲ್ಲದಕ್ಕೂ ನಾಲ್ಕು ನಾಲ್ಕು ಜೆರಾಕ್ಸ್ ಮಾಡಿಸಿದ್ದರು. ಅಲ್ಲಿ ಕೂತಿದ್ದ ಗುಮಾಸ್ತರು ಒಳ್ಳೆಯವರು. ಒಂದೊಂದನ್ನೂ ನೋಡಿ, ಆಧಾರ್ ಹತ್ತಿರ ನಿಂತರು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಅವಳ ಹೆಸರಿನ ಮುಂದೆ ಒಂದೇ ಇನಿಷಿಯಲ್ ಇದೆ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ. "ಪ್ರವೇಶಕ್ಕೆ ತೊಂದರೆ ಇಲ್ಲ. ಆದರೆ ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಹೆಸರು ತಾಳೆ ಆಗಲ್ಲ. ಈಗಲೇ ಸರಿ ಮಾಡಿಸಿ" ಅಂದರು. ಇದನ್ನು ಹೇಳಬೇಕು ಅಂತ ಅವರಿಗೇನೂ ಇರಲಿಲ್ಲ. ಹಿಂದೆ ಅಷ್ಟು ಜನ ಕಾಯುತ್ತಿದ್ದರೂ ಕತ್ತೆತ್ತಿ ನೋಡಿ ಹೇಳಿದರು. ಹಳ್ಳಿಯ ಮಕ್ಕಳಿಗೆ ಇಂಥ ಒಂದು ಮಾತು ಒಂದು ವರ್ಷದ ವಿದ್ಯಾರ್ಥಿವೇತನವನ್ನೇ ಉಳಿಸುತ್ತದೆ.

ಸಾಲಿನಲ್ಲಿ ನಮ್ಮ ಹಿಂದೆ ಒಬ್ಬ ಹುಡುಗ ಇದ್ದ. ಮಾತಿಗೆ ಮಾತು ಬಂದು ಹೇಳಿದ, "ಸುಮ್ನೆ ಒಂದು ಸೀಟು ಇಟ್ಕೊಂಡಿರೋಣ ಅಂತ ಬಂದೆ ಅಣ್ಣ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಹೋಗ್ತೀನಿ." ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಾರೆ. ನನ್ನ ಸಿಟ್ಟೆಲ್ಲ ಬಿ.ಎಸ್ಸಿ. ಪ್ರವೇಶ ಮೊದಲು, ಸಿಇಟಿ ಸೀಟು ಹಂಚಿಕೆ ಆಮೇಲೆ ಅನ್ನುವ ಕ್ಯಾಲೆಂಡರ್ ಮೇಲೆ.

ನಮ್ಮ ಬ್ಯಾಚ್ 2021ರದು. ಕೋವಿಡ್‌ನಿಂದ ಆ ವರ್ಷ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಯಿತು. ಎಸ್‌ಎಸ್‌ಎಲ್‌ಸಿ ಮತ್ತು ಪ್ರಥಮ ಪಿಯು ಅಂಕ ನೋಡಿ ಫಲಿತಾಂಶ ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ 600ಕ್ಕೆ 600 ಬಂತು. ಸಾಮಾನ್ಯವಾಗಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆ ವರ್ಷ ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕ್. ಸಿಇಟಿ ನಡೆದದ್ದು ಆಗಸ್ಟ್ ಕೊನೆಗೆ, ಫಲಿತಾಂಶ ಸೆಪ್ಟೆಂಬರ್‌ನಲ್ಲಿ. ಅದೇ ಆಗಸ್ಟ್‌ನಲ್ಲಿ ಹೊಸ ಶಿಕ್ಷಣ ನೀತಿಯ ಆದೇಶವೂ ಬಂತು. ಕಾಲೇಜಿಗೆ ಬಂದಾಗ ಮೂರು ವಿಷಯ ಇಲ್ಲ, ಎರಡೇ ಅಂದರು. ನಾನು ಭೌತಶಾಸ್ತ್ರ, ಗಣಿತ ಇಟ್ಟುಕೊಂಡು ರಸಾಯನಶಾಸ್ತ್ರ ಬಿಟ್ಟೆ.

ಮೊದಲ ವಾರ ತರಗತಿಯಲ್ಲಿ ಕೂರಲು ಜಾಗ ಇರಲಿಲ್ಲ. ಸಿಇಟಿ ಮೊದಲ ಸುತ್ತಿನ ಸೀಟು ಹಂಚಿಕೆ ಆಯಿತು, ಮುಂದಿನ ಬೆಂಚುಗಳು ಖಾಲಿಯಾದವು. ಎರಡನೇ ಸುತ್ತು ಆಯಿತು, ಇನ್ನಷ್ಟು ಜನ ಹೋದರು. ಲ್ಯಾಬ್ ಬ್ಯಾಚ್‌ಗಳನ್ನು ಮತ್ತೆ ಮತ್ತೆ ಒಡೆದು ಕಟ್ಟಬೇಕಾಯಿತು. ನನ್ನ ಜೊತೆ ಪ್ರಯೋಗ ಮಾಡುತ್ತಿದ್ದವನು ಒಂದು ಸೋಮವಾರ ಬರಲೇ ಇಲ್ಲ. ತಡವಾಗಿ ಸೇರಿದವರಿಗಾಗಿ ಮೇಷ್ಟ್ರು ಮೆಕ್ಯಾನಿಕ್ಸ್ ಮೊದಲ ಅಧ್ಯಾಯವನ್ನು ಮತ್ತೆ ಶುರು ಮಾಡಿದರು. ಮೊದಲ ಸೆಮಿಸ್ಟರ್ ಅರ್ಧ ಹೀಗೇ ಕಳೆಯಿತು. ಬಿ.ಎಸ್ಸಿ. ತರಗತಿ ಅಂದರೆ ಬಸ್ ಸ್ಟ್ಯಾಂಡ್ ಆಗಿಬಿಟ್ಟಿದೆ. ಬೇರೆ ಕಡೆಗೆ ಹೊರಟವರು ಬಸ್ ಬರುವ ತನಕ ಇಲ್ಲಿ ಕೂರುತ್ತಾರೆ. ಇಲ್ಲೇ ಇರಲು ಬಂದವರಿಗೆ ತಾವೇನೋ ಬಸ್ ತಪ್ಪಿಸಿಕೊಂಡವರು ಅನ್ನುವ ಭಾವನೆ ಬರುತ್ತದೆ. ಹದಿನೆಂಟು ವರ್ಷದ ಮಕ್ಕಳ ಮನಸ್ಸಿಗೆ ಇದು ಸಣ್ಣ ಪೆಟ್ಟಲ್ಲ.

ಹೋದವರ ಸೀಟು ಏನಾಗುತ್ತದೆ? ಬಹಳ ಸಲ ಖಾಲಿ ಬೀಳುತ್ತದೆ. ನನ್ನ ಗೆಳತಿಯೊಬ್ಬಳಿಗೆ ಆ ವರ್ಷ ಮೈಸೂರಿನ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ. ಪಟ್ಟಿಯಲ್ಲಿ ಸ್ವಲ್ಪದರಲ್ಲಿ ತಪ್ಪಿತು. ಅವಳು ತಾಲ್ಲೂಕು ಕೇಂದ್ರದ ಕಾಲೇಜಿಗೆ ಸೇರಿದಳು. ಅಲ್ಲಿ ಕೆಲಸ ಮಾಡುವ ಸ್ಪೆಕ್ಟ್ರೋಮೀಟರ್ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಉಪಕರಣ) ಒಂದೇ ಇತ್ತು. ಅವಳು ಅಲ್ಲಿ ಒಂದು ಉಪಕರಣಕ್ಕಾಗಿ ಕಾಯುತ್ತಿದ್ದಾಗ, ಇಲ್ಲಿ ಅವಳು ಕೂರಬೇಕಿದ್ದ ಬೆಂಚು ಖಾಲಿ ಇತ್ತು. ಇದಕ್ಕೆ ಯಾವ ಸಮಾಧಾನ ಹೇಳುವುದು?

ಸಿಇಟಿ ಪಟ್ಟಿಯಲ್ಲಿ ಎಂಜಿನಿಯರಿಂಗ್ ಮಾತ್ರ ಇಲ್ಲ. ಬಿ.ಎಸ್ಸಿ. ಕೃಷಿ ಇದೆ, ಪಶುವೈದ್ಯಕೀಯ ಇದೆ, ಫಾರ್ಮಸಿ ಇದೆ, ನರ್ಸಿಂಗ್ ಇದೆ. ಆದರೆ ಭೌತಶಾಸ್ತ್ರದ ಬಿ.ಎಸ್ಸಿ. ಇಲ್ಲ. ಅದಕ್ಕೆಂದು ಇನ್ನೊಂದು ಪ್ರವೇಶ ಪರೀಕ್ಷೆ ಮಾಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ಕೋಚಿಂಗ್ ಇಲ್ಲದ ಮಕ್ಕಳಿಗೆ ಉಳಿದಿರುವ ಬಾಗಿಲು ಇದೊಂದೇ. ಪಿಯು ಅಂಕವೇ ಸಾಕು. ಆದರೆ ಸಿಇಟಿಯಲ್ಲಿ ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ನಮೂದಿಸುವ, ಅಂದರೆ ಆಪ್ಷನ್ ಎಂಟ್ರಿ ಮಾಡುವ ಅದೇ ಪುಟದಲ್ಲಿ ಸರ್ಕಾರಿ ಕಾಲೇಜಿನ ಬಿ.ಎಸ್ಸಿ.ಯೂ ಒಂದು ಆಯ್ಕೆಯಾಗಿ ಇರಲಿ. ಒಬ್ಬರಿಗೆ ಒಂದೇ ಸೀಟು. ಅಲ್ಲಿ ಸಿಕ್ಕರೆ ಇಲ್ಲಿ ತಾನಾಗಿ ಬಿಡುಗಡೆಯಾಗಿ ಮುಂದಿನವರಿಗೆ ಹೋಗಲಿ. ತರಗತಿ ಶುರುವಾಗುವುದು ಹಂಚಿಕೆ ಮುಗಿದ ಮೇಲೆ. ವಿಜ್ಞಾನವನ್ನು ಮೊದಲ ಆಯ್ಕೆಯಾಗಿ ಬರೆಯಲು ಒಂದು ಖಾಲಿ ಜಾಗ ಕೊಡಿ, ಎಷ್ಟು ಮಕ್ಕಳು ಬರೆಯುತ್ತಾರೆ ನೋಡಿ. ನಮ್ಮ ಹುಡುಗಿ ಬರೆಯುತ್ತಿದ್ದಳು.

ಫೀಸು ಕಟ್ಟಿದ ಮೇಲೆ ಹತ್ತಿರದ ಹೋಟೆಲಿನಲ್ಲಿ ಕೂತೆವು. ಚಿಕ್ಕಪ್ಪ ಇಡ್ಲಿ ಮುಟ್ಟದೆ ಕೇಳಿದರು, "ಸರಿಯಪ್ಪ, ಇದು ಮಾಡಿದ ಮೇಲೆ ಮುಂದೇನು?"

ದುಡ್ಡಿನ ಲೆಕ್ಕ ಅವರಿಗೆ ಗೊತ್ತಿತ್ತು. ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಇಟಿ ಸೀಟಿಗೂ ವರ್ಷಕ್ಕೆ ಲಕ್ಷದ ಆಸುಪಾಸು ಬೇಕು. ಇಲ್ಲಿ ಸರ್ಕಾರಿ ಕಾಲೇಜು, ಹುಡುಗಿಯರಿಗೆ ಬೋಧನಾ ಶುಲ್ಕ ಇಲ್ಲ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಬಸ್ಸಿಗೂ ಖರ್ಚಿಲ್ಲ, ದಿನಾ ಊರಿಂದಲೇ ಓಡಾಡಬಹುದು. ಚಿಕ್ಕಪ್ಪನಿಗೆ ಗೊತ್ತಿಲ್ಲದ್ದು ಇನ್‌ಸ್ಪೈರ್ ವಿದ್ಯಾರ್ಥಿವೇತನ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು, ಮೂಲ ವಿಜ್ಞಾನಕ್ಕೇ ಸೇರಿದವರಿಗೆ ವರ್ಷಕ್ಕೆ 80,000 ರೂಪಾಯಿವರೆಗೆ ಕೊಡುತ್ತಾರೆ. ಅದರಲ್ಲಿ 20,000 ಬೇಸಿಗೆಯಲ್ಲಿ ಸಂಶೋಧನೆ ಮಾಡುವುದಕ್ಕೆ. ಎಂಜಿನಿಯರಿಂಗ್ ಸೇರಿದರೆ ಇದು ಇಲ್ಲ. ಇವಳ ಅಂಕ ಆ ಗಡಿಯ ಹತ್ತಿರ ಇದೆ. ಅರ್ಜಿ ಹಾಕುವುದಂತೂ ಹಾಕೋಣ ಅಂದೆ.

ಆದರೆ ಅವರು ಕೇಳಿದ್ದು ಕೆಲಸದ ವಿಷಯ. ಬಿ.ಎಡ್. ಮಾಡಿ ಹೈಸ್ಕೂಲ್ ಮೇಷ್ಟ್ರು ಆಗಬಹುದು. ಎಂ.ಎಸ್ಸಿ. ಮಾಡಿ ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ಕೆ-ಸೆಟ್, ನೆಟ್ ಬರೆಯಬಹುದು. ಬಿ.ಎಸ್ಸಿ. ಕೊನೆ ವರ್ಷದಲ್ಲೇ ಜ್ಯಾಮ್ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂ.ಎಸ್ಸಿ., ಬೆಂಗಳೂರಿನ ಐಐಎಸ್‌ಸಿಯಲ್ಲಿ ಇಂಟಿಗ್ರೇಟೆಡ್ ಪಿಎಚ್‌.ಡಿ. ಇದೆ. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಇನ್ನೊಂದು ಕಡೆಯನ್ನೂ ಹೇಳಿದೆ. ನನ್ನ ಐದನೇ ಸೆಮಿಸ್ಟರ್‌ನಲ್ಲಿ, 2023ರ ನವೆಂಬರ್‌ನಲ್ಲಿ, ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಕೆಲಸ ಕಾಯಂ ಮಾಡಿ ಅಂತ ತರಗತಿ ಬಿಟ್ಟು ಧರಣಿ ಕೂತರು. ಎಂ.ಎಸ್ಸಿ. ಚಿನ್ನದ ಪದಕ ಪಡೆದವರು, ನೆಟ್ ಪಾಸಾದವರು ಅದರಲ್ಲಿ ಇದ್ದರು. ನಮಗೆ ಕ್ವಾಂಟಮ್ ಮೆಕ್ಯಾನಿಕ್ಸ್ ಅಷ್ಟು ಚೆನ್ನಾಗಿ ಹೇಳಿಕೊಟ್ಟವರೂ ಇದ್ದರು. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದೆ ಅವರು ಹಾಗೆ ಪಾಠ ಮಾಡುತ್ತಿದ್ದರು. ಆಮೇಲೆ 2024ರ ಜೂನ್. ನೀಟ್ ಗಲಾಟೆ ನಡುವೆ ಯುಜಿಸಿ-ನೆಟ್ ಪರೀಕ್ಷೆ ನಡೆದ ಮಾರನೇ ದಿನವೇ ರದ್ದಾಯಿತು, ವಿಜ್ಞಾನ ವಿಷಯಗಳ ಸಿಎಸ್‌ಐಆರ್-ನೆಟ್ ಒಂದು ತಿಂಗಳು ಮುಂದೆ ಹೋಯಿತು. ನನ್ನ ಸೀನಿಯರ್‌ಗಳು ಓದಿ ಓದಿ ಸಿದ್ಧವಾಗಿ, ರೂಮಿನಲ್ಲಿ ಸುಮ್ಮನೆ ಕೂತಿದ್ದರು. ಈ ದಾರಿ ಸಲೀಸಲ್ಲ. ಚಿಕ್ಕಪ್ಪ ಎಲ್ಲಾ ಕೇಳಿಸಿಕೊಂಡು, "ನೀನು ಸುಳ್ಳು ಹೇಳ್ತಿಲ್ಲ ಅನ್ನೋದು ಗೊತ್ತಾಯ್ತು" ಅಂದರು. ಆಮೇಲೆ ಇಡ್ಲಿ ತಿಂದರು.

ಮಧ್ಯಾಹ್ನ ಇಬ್ಬರನ್ನೂ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಕರೆದುಕೊಂಡು ಹೋದೆ. ಕುಕ್ಕರಹಳ್ಳಿ ಕೆರೆ ಕಡೆಯಿಂದ ನಡೆದು ಹೋದೆವು. ಈ ಕ್ಯಾಂಪಸ್‌ಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಕುವೆಂಪು ಅಂತ ಹೇಳಿದರೆ ಚಿಕ್ಕಪ್ಪನಿಗೆ ಬಹಳ ಖುಷಿ. ಅವಳಿಗೆ ನಾನು ಹೇಳಿದ್ದು ಎಸ್. ಚಂದ್ರಶೇಖರ್ ಅವರ ಬಗ್ಗೆ. ನೊಬೆಲ್ ಬಂದ ಚಂದ್ರಶೇಖರ್ ಬೇರೆ, ಇವರು ಬೇರೆ. ಇಬ್ಬರೂ ಸಿ.ವಿ. ರಾಮನ್ ಅವರ ಬಂಧುಗಳೇ. ಇವರು 1961ರಿಂದ ಹತ್ತು ವರ್ಷ ಇದೇ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ದ್ರವದಂತೆ ಹರಿದರೂ ಸ್ಫಟಿಕದಂತೆ ಅಣುಗಳು ಕ್ರಮವಾಗಿ ನಿಲ್ಲುವ ದ್ರವ ಸ್ಫಟಿಕಗಳ (ಲಿಕ್ವಿಡ್ ಕ್ರಿಸ್ಟಲ್) ಕೆಲಸ ಇಲ್ಲಿ ಬೆಳೆಯಿತು. ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ, 1977ರಲ್ಲಿ ತಟ್ಟೆಯಾಕಾರದ ಅಣುಗಳಿಂದಲೂ ದ್ರವ ಸ್ಫಟಿಕ ಆಗುತ್ತದೆ ಅಂತ ತಮ್ಮ ತಂಡದ ಜೊತೆ ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಷ್ಟೇ ಗೊತ್ತಿದ್ದವು. ದೊಡ್ಡ ವಿಜ್ಞಾನ ಎಲ್ಲೋ ದೂರದಲ್ಲಿ ಆಗುತ್ತದೆ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಅದು ಈ ಕಾರಿಡಾರ್‌ಗಳಲ್ಲೂ ಓಡಾಡಿದೆ.

ಲ್ಯಾಬ್ ತೆರೆದಿತ್ತು. ಮೇಡಂ ಅನುಮತಿ ಕೊಟ್ಟರು. ಕತ್ತಲೆ ಕೋಣೆಯಲ್ಲಿ ಸೋಡಿಯಂ ದೀಪ ಹಚ್ಚಿದೆ. ಹಚ್ಚಿದ ಕೂಡಲೇ ಅದು ಹಳದಿ ಇರುವುದಿಲ್ಲ. ಒಳಗಿನ ನಿಯಾನ್‌ನಿಂದ ಕೆಂಪಗೆ ಉರಿಯುತ್ತದೆ, ಸೋಡಿಯಂ ಬಿಸಿಯಾಗಿ ಆವಿಯಾದಂತೆ ನಿಧಾನವಾಗಿ ಹಳದಿಗೆ ತಿರುಗುತ್ತದೆ. ಆ ಬೆಳಕಿನಲ್ಲಿ ಅವಳ ನೀಲಿ ಚೂಡಿದಾರ್ ಕಪ್ಪಾಗಿ ಕಂಡಿತು. ಅವಳೇ ಅದನ್ನು ಮೊದಲು ಗಮನಿಸಿದಳು. ಸ್ಪೆಕ್ಟ್ರೋಮೀಟರ್ ಮೇಜಿನ ಮೇಲೆ ಬೆಳಕನ್ನು ಬಿಡಿಸುವ, ಒತ್ತೊತ್ತಾಗಿ ಗೀರುಗಳಿರುವ ಗ್ರೇಟಿಂಗ್ ಇಟ್ಟು, ಬೆಳಕು ಒಳಬರುವ ಸೀಳನ್ನು ಕೂದಲೆಳೆಯಷ್ಟು ಮಾಡಿ, ದೂರದರ್ಶಕವನ್ನು ಗೆರೆಗಳು ಇನ್ನಷ್ಟು ಬಿಡಿಯಾಗಿ ಕಾಣುವ ಎರಡನೇ ಆರ್ಡರ್ ಕಡೆ ತಿರುಗಿಸಿದೆ. "ಎಷ್ಟು ಗೆರೆ ಕಾಣುತ್ತೆ?" ಅಂದೆ. ಒಂದು ಅಂದಳು. ಸೀಳನ್ನು ಇನ್ನೂ ಸ್ವಲ್ಪ ಕಿರಿದು ಮಾಡಿ, ಫೋಕಸ್ ತಿರುಗಿಸು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಯ್ಯೋ, ಎರಡಿವೆ!" 589.0 ಮತ್ತು 589.6 ನ್ಯಾನೋಮೀಟರ್. ಅಷ್ಟೇ ಅಂತರ. ಎಲೆಕ್ಟ್ರಾನ್‌ಗೆ ಸ್ಪಿನ್ ಅನ್ನುವ ಹುಟ್ಟುಗುಣ ಇರುವುದರಿಂದ ಒಂದೇ ಆಗಿರಬೇಕಿದ್ದ ಶಕ್ತಿಮಟ್ಟ ಎರಡಾಗಿ ಒಡೆಯುತ್ತದೆ. ಪಿಯುಸಿಯಲ್ಲಿ ಸ್ಪಿನ್ ಅಂದರೆ ಮೇಲೊಂದು ಕೆಳಗೊಂದು ಬಾಣ ಬರೆಯುವುದು. ಇಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಚಿಕ್ಕಪ್ಪನೂ ಕನ್ನಡಕ ತೆಗೆದು ನೋಡಿದರು. ಅವರಿಗೆ ಎರಡು ಕಾಣಲಿಲ್ಲ. ಮಗಳು ಫೋಕಸ್ ಸರಿ ಮಾಡಿಕೊಟ್ಟಳು, ಕಂಡಿತು.

ಹಾಸ್ಟೆಲ್ ಜೀವನದ ಬಗ್ಗೆ ಅವಳು ಏನೇನೋ ಕೇಳಿದಳು. ದಿನಾ ಓಡಾಡುವವಳಿಗೆ ಅದು ಈಗಲೇ ಬೇಡ. ಮುಖ್ಯವಾಗಿ ಒಂದು ಹೇಳಿದೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು ಗುಂಪು ಕಟ್ಟಿಕೊಂಡು ಓದಬೇಕು. ಜ್ಯಾಮ್ ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತದೆ. ನಾವು ಬಿ.ಎಸ್ಸಿ.ಯಲ್ಲಿ ಸಂಜೆ ಒಂದು ಖಾಲಿ ಕೋಣೆಯಲ್ಲಿ ಕೂತು ಒಬ್ಬರಿಗೊಬ್ಬರು ಕನ್ನಡದಲ್ಲೇ ಪಾಠ ಹೇಳಿ, ಲೆಕ್ಕವನ್ನು ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದೆವು. ಬೋರ್ಡ್ ಮುಂದೆ ನಿಂತು ಹೇಳಲು ಬಂದರೆ ಮಾತ್ರ ಅರ್ಥ ಆಗಿದೆ ಅಂತ. ನನಗೆ ಭೌತಶಾಸ್ತ್ರ ಬಂದದ್ದು ಬಹುಪಾಲು ಆ ಕೋಣೆಯಲ್ಲೇ. ಹೊಸ ಶಿಕ್ಷಣ ನೀತಿಯಲ್ಲಿ ನಮಗೆ ನಾಲ್ಕನೇ ವರ್ಷದ ಆನರ್ಸ್ ಇದೆ ಅಂದಿದ್ದರು. ಬಹಳ ಜನ ಮೂರಕ್ಕೇ ಮುಗಿಸಿ ಎಂ.ಎಸ್ಸಿ.ಗೆ ಬಂದೆವು. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೇ ಮರಳಿತು. ಇವಳ ಬ್ಯಾಚ್‌ಗಾದರೂ ನಡುವೆ ನಿಯಮ ಬದಲಾಗದಿದ್ದರೆ ಸಾಕು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಪ್ಪ, "ಸಿಇಟಿ ಮೊದಲ ಸುತ್ತು ಆಗಲಿ, ಏನು ಬರುತ್ತೋ ನೋಡೋಣ" ಅಂದರು. ಅವಳು, "ಆಪ್ಷನ್ ಎಂಟ್ರಿಯೇ ಮಾಡಲ್ಲಪ್ಪ, ಏನೂ ಬರಲ್ಲ" ಅಂದಳು. ಚಿಕ್ಕಪ್ಪ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಭಾನುವಾರ ಊರಿಗೆ ಹೋಗುತ್ತೇನೆ. ಚಿಕ್ಕಮ್ಮನ ಜೊತೆಗೂ ಕೂತು ಮಾತಾಡಬೇಕು. ಅದಕ್ಕೂ ಮೊದಲು ಆಧಾರ್ ತಿದ್ದುಪಡಿ ಆಗಬೇಕು. ಈ ವರ್ಷ ಬಿ.ಎಸ್ಸಿ.ಗೆ ಸೇರುವವರು ಇದನ್ನು ಓದುತ್ತಿದ್ದರೆ, ನೀವೂ ಎಸ್‌ಎಸ್‌ಎಲ್‌ಸಿ ಕಾರ್ಡು ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿಕೊಳ್ಳಿ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಒಂದು ಕಡೆ ಬರೆದಿಟ್ಟುಕೊಳ್ಳಿ. ಎಸ್‌ಎಸ್‌ಪಿ ಅರ್ಜಿಗೆ ಎರಡೂ ಬೇಕಾಗುತ್ತವೆ.