ಲುಬ್ಲಿನ್ ನಗರಸಭೆಯ ಕಡತಗಳಲ್ಲಿ ಯೆಹೂದಿ ಬೀದಿಗಳು: ಕೆಲಸ ಎಲ್ಲಿಯವರೆಗೆ ಬಂದಿದೆ

ಪೂರ್ವ ಪೋಲೆಂಡಿನ ಲುಬ್ಲಿನ್ ನಗರದ ಯೆಹೂದಿ ಸಮುದಾಯವು ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಹೇಗೆ ಬದುಕಿತ್ತು ಎಂಬುದನ್ನು ಅಲ್ಲಿನ ನಗರಸಭೆಯ ಕಡತಗಳಿಂದ ಮನೆಮನೆಯಾಗಿ ಗುರುತಿಸುವ ಹವ್ಯಾಸವೊಂದನ್ನು ನಾನು ಕೆಲವು ಕಾಲದಿಂದ ಹಚ್ಚಿಕೊಂಡಿದ್ದೇನೆ. ಕೋಟೆಯ ಬುಡದಲ್ಲಿದ್ದ ಶೆರೋಕಾ ಬೀದಿಯ ಕೋಷ್ಟಕ ಬಹುಮಟ್ಟಿಗೆ ಸಿದ್ಧವಾಗಿದೆ. ಲುಬಾರ್ತೋವ್ಸ್ಕಾ ಬೀದಿಯದು ಅರ್ಧದಲ್ಲಿದೆ. ನೀರು ಸರಬರಾಜಿನ ಕಡತಗಳಿಗೆ ಇನ್ನೂ ಕೈ ಹಾಕಿಲ್ಲ.

ಈ ನಗರವನ್ನು ಆರಿಸಿಕೊಳ್ಳಲು ಕಾರಣವಿದೆ. 1931ರ ಜನಗಣತಿಯ ಪ್ರಕಾರ ಲುಬ್ಲಿನ್‌ನ 1,12,285 ನಿವಾಸಿಗಳಲ್ಲಿ 38,937 ಮಂದಿ ಯೆಹೂದಿಗಳು. ಅಂದರೆ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಅವರಲ್ಲಿ ಬಡವರು ಕಿಕ್ಕಿರಿದು ವಾಸವಾಗಿದ್ದ ಪೊದ್ಜಾಮ್ಚೆ ಬಡಾವಣೆ ಇಂದು ನೆಲದ ಮೇಲೆ ಇಲ್ಲ. 1942ರ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ನಾಜಿ ಆಡಳಿತವು ಯೆಹೂದಿಗಳನ್ನು ಕೂಡಿಹಾಕಿದ್ದ ಇಲ್ಲಿನ ಘೆಟ್ಟೋದಿಂದ 25,000ಕ್ಕೂ ಹೆಚ್ಚು ಜನರನ್ನು ಬೆಲ್ಝೆಟ್ಸ್ ಹತ್ಯಾ ಶಿಬಿರಕ್ಕೆ ಸಾಗಿಸಿತು, ಆಮೇಲೆ ಬಡಾವಣೆಯನ್ನೇ ಕೆಡವಿಸಿತು. 1954ರಲ್ಲಿ ಆ ಜಾಗದಲ್ಲಿ ಕೋಟೆ ಚೌಕ ಎದ್ದುನಿಂತಿತು. ಆ ಮನೆಗಳ ಬಗ್ಗೆ ನಗರಸಭೆ ಬರೆದುಕೊಂಡಿದ್ದ ಕಾಗದಗಳು ಮಾತ್ರ ಲುಬ್ಲಿನ್‌ನ ಸರ್ಕಾರಿ ಪತ್ರಾಗಾರದಲ್ಲಿ ಉಳಿದುಕೊಂಡಿವೆ.

ಕೆಲಸಕ್ಕೆ ಅತ್ಯಂತ ಹೆಚ್ಚು ಒದಗಿಬಂದದ್ದು ಕಟ್ಟಡ ತಪಾಸಣಾ ವಿಭಾಗದ ಕಡತಗಳು. ಇವು ಆಸ್ತಿವಾರು ಜೋಡಿಸಲ್ಪಟ್ಟಿವೆ, ಹಾಗಾಗಿ ಒಂದು ಮನೆಯ ನಕ್ಷೆ, ಮಾಲೀಕರ ಅರ್ಜಿ, ತಪಾಸಕರ ವರದಿ, ದುರಸ್ತಿಯ ಆದೇಶ ಎಲ್ಲವೂ ಒಂದೇ ಕಟ್ಟಿನಲ್ಲಿ ದೊರೆಯುತ್ತವೆ. 1928ರ ಫೆಬ್ರವರಿ 16ರಂದು ಹೊರಬಿದ್ದ ಕಟ್ಟಡ ಕಾನೂನಿನ ನಂತರದ ಕಾಗದಗಳು ಸ್ವಾಭಾವಿಕವಾಗಿಯೇ ಹೆಚ್ಚು ವಿವರವಾಗಿವೆ. ಬಿರುಕುಬಿಟ್ಟ ಗೋಡೆ, ಅಲುಗಾಡುವ ಮರದ ಮೆಟ್ಟಿಲು, ಅಂಗಳದ ಶೌಚಾಲಯ, ಅಂಗಡಿಯ ನಾಮಫಲಕ: ಓದಲು ಇದಕ್ಕಿಂತ ನೀರಸವಾದದ್ದು ಇರಲಾರದು ಎಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ಆದರೂ ನೆಲಮಾಳಿಗೆಯಲ್ಲಿ ಯಾರು ವಾಸವಾಗಿದ್ದರು, ಅಂಗಳದ ಹಿಂದಿನ ಕೋಣೆ ಪ್ರಾರ್ಥನೆಗೆ ಬಳಕೆಯಾಗುತ್ತಿತ್ತೋ ಕಮ್ಮಟವಾಗಿತ್ತೋ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಇಂತಹ ಕಾಗದಗಳಲ್ಲಿಯೇ. ಸಮುದಾಯದ ಮುಖಂಡರು ತಮ್ಮ ಬಗ್ಗೆ ಹೇಳಿಕೊಳ್ಳಲು ಇಷ್ಟಪಡದ ಸಂಗತಿಗಳನ್ನು ತಪಾಸಕನು ಯಾವ ಸಂಕೋಚವೂ ಇಲ್ಲದೆ ಬರೆದಿಡುತ್ತಾನೆ. ಹಬ್ಬ, ಮದುವೆ, ಜಗಳ, ಸಂಗೀತ ಇವುಗಳಲ್ಲಿ ಯಾವುದೂ ಅವನ ಕಣ್ಣಿಗೆ ಬೀಳುವುದಿಲ್ಲ ಎಂಬುದೂ ಅಷ್ಟೇ ನಿಜ.

ಕೋಷ್ಟಕದಲ್ಲಿ ಅತಿ ಹೆಚ್ಚು ಕಾಲ ಹಿಡಿದದ್ದು ಮನೆಗಳ ಗುರುತು. ರಷ್ಯಾದ ಆಳ್ವಿಕೆಗೆ ಸೇರಿದ್ದ ಪೋಲೆಂಡಿನ ಈ ಭಾಗದಲ್ಲಿ ಅಡಮಾನ ದಾಖಲೆಯ ಸಂಖ್ಯೆ ಒಂದು, ಪೊಲೀಸ್ ಸಂಖ್ಯೆ ಇನ್ನೊಂದು, ಬೀದಿಯ ಬಾಗಿಲ ಸಂಖ್ಯೆ ಮತ್ತೊಂದು ಎಂಬಂತೆ ಒಂದೇ ಮನೆಗೆ ಬೇರೆ ಬೇರೆ ಸಂಖ್ಯೆಗಳಿರುತ್ತವೆ, ಅವುಗಳಲ್ಲಿ ಬಾಗಿಲ ಸಂಖ್ಯೆ ಕಾಲಕಾಲಕ್ಕೆ ಬದಲಾಗುತ್ತದೆ. ಆದ್ದರಿಂದ ಅಡಮಾನ ದಾಖಲೆಯ ಸಂಖ್ಯೆಯನ್ನೇ ಮೂಲ ಗುರುತಾಗಿ ಇಟ್ಟುಕೊಂಡು, ಉಳಿದವನ್ನು ಆಯಾ ವರ್ಷದೊಂದಿಗೆ ಪಕ್ಕದ ಅಂಕಣಗಳಲ್ಲಿ ಬರೆಯುತ್ತಿದ್ದೇನೆ. ಹಣದ ಅಂಕಣಕ್ಕೂ ಇಂತಹದೇ ಕಟ್ಟುನಿಟ್ಟು ಬೇಕಾಯಿತು. 1924ರವರೆಗಿನ ಲೆಕ್ಕಗಳು ಪೋಲಿಷ್ ಮಾರ್ಕ್‌ನಲ್ಲಿವೆ. ಆ ವರ್ಷ ಝ್ಲೋಟಿ ಎಂಬ ಹೊಸ ನಾಣ್ಯ ಬಂದಾಗ 18 ಲಕ್ಷ ಮಾರ್ಕ್‌ಗೆ ಒಂದು ಝ್ಲೋಟಿಯಂತೆ ವಿನಿಮಯ ನಡೆಯಿತು. 1923ರ ಒಂದು ದುರಸ್ತಿಯ ಅಂದಾಜನ್ನು 1926ರದರ ಪಕ್ಕದಲ್ಲಿ ಹಾಗೆಯೇ ಇಟ್ಟರೆ ಬಡ ಮಾಲೀಕನೊಬ್ಬ ಕೋಟ್ಯಧೀಶನಾಗಿ ಕಾಣುತ್ತಾನೆ.

ಕುಟುಂಬಗಳ ಗುರುತು ಇನ್ನೂ ತೊಡಕಿನದು. ಈ ಪ್ರದೇಶದಲ್ಲಿ ಯೆಹೂದಿಗಳ ಜನನ, ವಿವಾಹ, ಮರಣಗಳಿಗೆ 1826ರಿಂದ ಪ್ರತ್ಯೇಕ ನಾಗರಿಕ ನೋಂದಣಿ ಇದೆ. 1868ರ ಸುಮಾರಿನಿಂದ ಮೊದಲ ಮಹಾಯುದ್ಧದವರೆಗೆ ಅದು ರಷ್ಯನ್ ಭಾಷೆಯಲ್ಲಿದ್ದು, ಆಮೇಲೆ ಪೋಲಿಷ್‌ಗೆ ಮರಳುತ್ತದೆ. ಧಾರ್ಮಿಕ ವಿಧಿಯಂತೆ ಮದುವೆಯಾಗಿ ಅದನ್ನು ನೋಂದಾಯಿಸದೆ ಬಿಟ್ಟ ದಂಪತಿಗಳು ಬಹಳ. ಅಂತಹವರ ಮಕ್ಕಳು ಕಾನೂನಿನ ಲೆಕ್ಕದಲ್ಲಿ ತಾಯಿಯ ಮನೆತನದ ಹೆಸರನ್ನು ಹೊರುತ್ತಾರೆ, ಎಷ್ಟೋ ಜನನಗಳು ವರ್ಷಗಳ ನಂತರ ಒಟ್ಟಾಗಿ ದಾಖಲಾಗುತ್ತವೆ. ಹೀಗಾಗಿ ಒಂದೇ ಒಲೆಯ ಸುತ್ತ ಕೂತವರು ನಿವಾಸಿಗಳ ಪಟ್ಟಿಯಲ್ಲಿ ಎರಡು ಮನೆತನಗಳಾಗಿ ಕಾಣಿಸಬಹುದು. ನೋಂದಣಿಯಿಂದ ಸಂಬಂಧ ಖಚಿತವಾಗುವವರೆಗೆ ಅವರನ್ನು ಒಂದು ಕುಟುಂಬವೆಂದು ಸೇರಿಸುವುದಿಲ್ಲ ಎಂಬ ನಿಯಮ ಹಾಕಿಕೊಂಡಿದ್ದೇನೆ. ಕೋಷ್ಟಕವನ್ನು ಇತರರಿಗೆ ಕೊಡುವಾಗ ಖಾಸಗಿ ವ್ಯಕ್ತಿಗಳ ಹೆಸರುಗಳನ್ನು ತೆಗೆದು, ವೃತ್ತಿ ಮತ್ತು ಮನೆಯ ವಿವರಗಳನ್ನು ಮಾತ್ರ ಉಳಿಸುತ್ತೇನೆ.

ವ್ಯಾಪಾರದ ಕಾಗದಗಳನ್ನು ಓದುವಾಗ 1919ರ ಡಿಸೆಂಬರ್ 18ರ ಕೆಲಸದ ಅವಧಿಯ ಕಾನೂನನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಭಾನುವಾರ ಅಂಗಡಿ, ಕಾರ್ಖಾನೆಗಳು ಮುಚ್ಚಿರಬೇಕೆಂದು ಅದು ವಿಧಿಸಿತು. ಶನಿವಾರ ಸಬ್ಬತ್‌ಗಾಗಿ, ಅಂದರೆ ಯೆಹೂದಿ ಧರ್ಮದ ವಾರದ ವಿಶ್ರಾಂತಿಗಾಗಿ, ಬಾಗಿಲು ಹಾಕುತ್ತಿದ್ದ ವ್ಯಾಪಾರಿ ಭಾನುವಾರ ಕಾನೂನಿಗಾಗಿ ಮತ್ತೆ ಹಾಕಬೇಕಾಯಿತು, ವಾರದ ಎರಡು ದಿನಗಳ ಗಳಿಕೆ ಹೋಯಿತು. ಅದೇ ಬೀದಿಯ ಕ್ರೈಸ್ತ ಅಂಗಡಿಗೆ ಹೋಗುತ್ತಿದ್ದುದು ಒಂದೇ ದಿನ. ಪೋಲೆಂಡ್ ಮಿತ್ರರಾಷ್ಟ್ರಗಳೊಂದಿಗೆ ಮಾಡಿಕೊಂಡ 1919ರ ಜೂನ್ 28ರ ಅಲ್ಪಸಂಖ್ಯಾತರ ಒಪ್ಪಂದದಲ್ಲಿ ಸಬ್ಬತ್ ಆಚರಣೆಗೆ ರಕ್ಷಣೆಯ ಮಾತು ಇದ್ದುದನ್ನು ನೆನೆದರೆ, ಆರೇ ತಿಂಗಳಲ್ಲಿ ಬಂದ ಈ ಕಾನೂನಿನ ಬಗ್ಗೆ ಸಮುದಾಯಕ್ಕಿದ್ದ ಅಸಮಾಧಾನ ಅರ್ಥವಾಗುತ್ತದೆ.

ಯೆಹೂದಿ ಸಮುದಾಯದ ಅಧಿಕೃತ ಮಂಡಳಿಯಾದ ಕೆಹಿಲಾ ನಗರಸಭೆಯ ಭಾಗವಾಗಿರಲಿಲ್ಲ. ಅದರ ಮೇಲ್ವಿಚಾರಣೆ ರಾಜ್ಯಾಡಳಿತದ ಅಧಿಕಾರಿಗಳ ಕೈಯಲ್ಲಿತ್ತು. ಹೀಗಿದ್ದೂ ಎರಡೂ ಸಂಸ್ಥೆಗಳು ತಪ್ಪದೆ ಸಂಧಿಸುತ್ತಿದ್ದ ಸ್ಥಳವೆಂದರೆ ನಗರಸಭೆಯ ಕಸಾಯಿಖಾನೆ. ಧಾರ್ಮಿಕ ವಿಧಿಯ ಪ್ರಾಣಿವಧೆಗೆ ವಿಧಿಸುತ್ತಿದ್ದ ಶುಲ್ಕವು ಪೋಲೆಂಡಿನ ಕೆಹಿಲಾಗಳ ಮುಖ್ಯ ಆದಾಯಗಳಲ್ಲೊಂದಾಗಿತ್ತು. 1936ರ ಏಪ್ರಿಲ್‌ನ ಕಾನೂನು ಈ ವಧೆಗೆ ಮಿತಿ ಹೇರಿತು, 1937ರ ಜನವರಿಯಿಂದ ಅದು ಜಾರಿಗೆ ಬಂದಿತು. ಯೆಹೂದಿಗಳು ಶೇಕಡಾ 3ಕ್ಕಿಂತ ಕಡಿಮೆ ಇದ್ದ ಪ್ರಾಂತಗಳಲ್ಲಿ ಪೂರ್ಣ ನಿಷೇಧಕ್ಕೂ ಅವಕಾಶವಿತ್ತು. ಲುಬ್ಲಿನ್‌ನಲ್ಲಿ ನಿಷೇಧದ ಪ್ರಶ್ನೆ ಏಳಲಿಲ್ಲವಾದರೂ ಮಿತಿ ತಪ್ಪಲಿಲ್ಲ. ಪ್ರಾಣಿದಯೆಯ ಹೆಸರಿನಲ್ಲಿ ಬಂದ ಈ ಕಾನೂನು ತಾಗಿದ್ದು ಮಾಂಸದ ವ್ಯಾಪಾರಿಗೂ, ಕೆಹಿಲಾದ ಆದಾಯದಿಂದ ನಡೆಯುತ್ತಿದ್ದ ಬಡವರ ನೆರವಿಗೂ. ಈ ಕಾರಣಕ್ಕೆ 1936ರಿಂದ 1938ರವರೆಗಿನ ಕಸಾಯಿಖಾನೆಯ ಲೆಕ್ಕಗಳನ್ನು ನಾನು ತಿಂಗಳುವಾರು ನಮೂದಿಸುವ ಯೋಜನೆ ಹಾಕಿಕೊಂಡಿದ್ದೇನೆ, ಉಳಿದ ವರ್ಷಗಳಿಗೆ ವಾರ್ಷಿಕ ಮೊತ್ತ ಸಾಕು.

ಲುಬಾರ್ತೋವ್ಸ್ಕಾ ಬೀದಿಯ ಕೆಲಸ ನಿಧಾನವಾಗಲು ಅಲ್ಲಿನ ದೊಡ್ಡ ಕಟ್ಟಡಗಳೇ ಕಾರಣ. 1886ರಲ್ಲಿ ಸ್ಥಾಪನೆಯಾದ ಯೆಹೂದಿ ಆಸ್ಪತ್ರೆ ಅಲ್ಲಿತ್ತು. ಅದರ ನೆರೆಯಲ್ಲಿ ರಬ್ಬಿ ಮೇಯರ್ ಶಪಿರೋ ಅವರ ಹಖ್‌ಮೇ ಲುಬ್ಲಿನ್ ಯೆಶಿವಾ ಇತ್ತು. 1924ರಲ್ಲಿ ಅಡಿಗಲ್ಲು ಬಿದ್ದು, ದೇಶ ವಿದೇಶಗಳಿಂದ ಹಣ ಕೂಡಿಸುತ್ತಾ ಕಟ್ಟಿದ ಈ ಧಾರ್ಮಿಕ ವಿದ್ಯಾಪೀಠ 1930ರ ಜೂನ್‌ನಲ್ಲಿ ತೆರೆಯಿತು. ಯೆಹೂದಿ ಧರ್ಮಶಾಸ್ತ್ರದ ತಾಲ್ಮುದ್ ಗ್ರಂಥವನ್ನು ಜಗತ್ತಿನ ಯೆಹೂದಿಗಳೆಲ್ಲ ದಿನಕ್ಕೊಂದು ಹಾಳೆಯಂತೆ ಒಟ್ಟಿಗೆ ಓದಬೇಕೆಂಬ ಪದ್ಧತಿಯನ್ನು 1923ರಲ್ಲಿ ವಿಯೆನ್ನಾದಲ್ಲಿ ಸೂಚಿಸಿದವರು ಇದೇ ಶಪಿರೋ. ಯುದ್ಧಾನಂತರ ವೈದ್ಯಕೀಯ ಕಾಲೇಜಿನ ವಶದಲ್ಲಿದ್ದ ಕಟ್ಟಡ 2003ರಲ್ಲಿ ಯೆಹೂದಿ ಸಮುದಾಯಕ್ಕೆ ಮರಳಿತು. ಯೆಶಿವಾದ ಬಗ್ಗೆ ಈಗಾಗಲೇ ಬೇಕಾದಷ್ಟು ಬರೆಯಲಾಗಿದೆ. ನನ್ನ ಕೋಷ್ಟಕದಲ್ಲಿ ಅದು ಒಂದೇ ಸಾಲು, ಅದರ ಎದುರಿನ ಬಾಡಿಗೆ ಮನೆಗಳಿಗೆ ಹಲವು ಸಾಲುಗಳು.

ಹೋಲಿಸಿ ನೋಡಲು ಎರಡು ಆಧಾರಗಳಿವೆ. 1918ರಿಂದ 1939ರವರೆಗೆ ಅಲ್ಲಿನ ಯೆಹೂದಿಗಳ ಆಡುಭಾಷೆಯಾದ ಯಿಡ್ಡಿಷ್‌ನಲ್ಲಿ ನಡೆದ ದಿನಪತ್ರಿಕೆ 'ಲುಬ್ಲಿನರ್ ತುಗ್‌ಬ್ಲಾಟ್' ಒಂದು. ನಗರಸಭೆಯ ಸಭೆಗಳನ್ನು ಸಮುದಾಯದ ಕಡೆಯಿಂದ ನೋಡಲು ಇದು ಬೇಕೇ ಬೇಕು, ಆದರೆ ಯಿಡ್ಡಿಷ್‌ನಲ್ಲಿ ನನ್ನ ಓದು ಇನ್ನೂ ಶೀರ್ಷಿಕೆಗಳನ್ನು ದಾಟಿಲ್ಲ. ಇನ್ನೊಂದು, ನಗರದ ಯೆಹೂದಿ ನೆನಪುಗಳನ್ನು ಕಾಪಾಡುವ, ಗ್ರೊಡ್ಸ್ಕಾ ದ್ವಾರದಲ್ಲಿರುವ ಎನ್‌ಎನ್ ರಂಗಮಂದಿರ ಕೇಂದ್ರದ ಸಂಗ್ರಹ. ಯುದ್ಧಪೂರ್ವ ಲುಬ್ಲಿನ್‌ನ ಪ್ರತಿಯೊಬ್ಬ ಯೆಹೂದಿಗೂ ಒಂದರಂತೆ ಸುಮಾರು 43,000 ಕಡತಗಳನ್ನು ಅವರು ಕಪಾಟುಗಳಲ್ಲಿ ಇಟ್ಟಿದ್ದಾರೆ, ಹಲವು ಇನ್ನೂ ಖಾಲಿ. ಅವರ ಮನೆವಾರು ವಿವರಗಳು ಇಲ್ಲದಿದ್ದರೆ ಶೆರೋಕಾ ಬೀದಿಯ ಕೆಲಸಕ್ಕೆ ಇದರ ಎರಡರಷ್ಟು ಕಾಲ ಹಿಡಿಯುತ್ತಿತ್ತು.

ಮುಂದಿನದು ನೀರು. 1920ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಉಲೆನ್ ಕಂಪನಿ ಸಾಲದ ಹಣದಿಂದ ಲುಬ್ಲಿನ್‌ಗೆ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಸ್ಥಾವರ, ಮಾರುಕಟ್ಟೆ ಕಟ್ಟಡ, ಹೊಸ ಕಸಾಯಿಖಾನೆಗಳನ್ನು ನಿರ್ಮಿಸಿತು. ಯಾವ ಮನೆಗೆ ಯಾವ ವರ್ಷ ನಲ್ಲಿ ಬಂತು ಎಂಬುದನ್ನು ಕೋಷ್ಟಕಕ್ಕೆ ಸೇರಿಸಿದರೆ ಮಾಲೀಕರ ಸ್ಥಿತಿಗತಿ ಹೆಚ್ಚು ಸ್ಪಷ್ಟವಾಗುತ್ತದೆ. ಮೊದಲು ಶೆರೋಕಾ ಬೀದಿಯನ್ನು, ಆಮೇಲೆ ಲುಬಾರ್ತೋವ್ಸ್ಕಾದ ಕೋಟೆಯ ಕಡೆಯ ತುದಿಯನ್ನು ತೆಗೆದುಕೊಳ್ಳುತ್ತೇನೆ. ಆಸ್ಪತ್ರೆಯ ಕಡೆಯ ತುದಿ ಮುಂದಿನ ಹಂತಕ್ಕೆ.